ಖಾಲಾರ ಬಾಯಾರಿಕೆ

ಬಾಯಾರಿದವರಿಗೆ ನೀರು ಕೊಡುವುದು ಪುಣ್ಯವೆಂದು ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ಆದರೆ ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದರೆ ಅದೇ ಲೋಟ ಪ್ರಾಣಕ್ಕೆ ಕುತ್ತಾದೀತು. ಕೆಟ್ಟ ಮೂತ್ರಪಿಂಡ ನೀರನ್ನು ಹೊರಹಾಕಲಾರದು. ಅದು ಕಾಲಿನಲ್ಲಿ, ಮುಖದಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಅತ್ತ ಬಾಯಿಯೋ, ಜೊಲ್ಲು ಕಡಿಮೆಯಾಗಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ.

ಸವಣೂರಿನ ನನ್ನ ಖಾಲಾ ವಾರಕ್ಕೆ 3 ಬಾರಿ, ಪ್ರತಿ ಸಲ 4 ಗಂಟೆ ಯಂತ್ರಕ್ಕೆ ಕೈಯೊಡ್ಡುತ್ತಾರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಅದು ಉಚಿತ. ಬಾಯಾರಿಕೆ ಮಾತ್ರ ಅವರೊಂದಿಗೇ ಮನೆಗೆ ಬರುತ್ತದೆ. ಸೂಜಿಯ ನೋವಿನ ಬಗ್ಗೆ ಅವರು ಎಂದೂ ದೂರಿದವರಲ್ಲ. "ಬೇಟಿ, ಒಂದೇ ಗುಟುಕು" ಎಂದು ಬೇಡುವಾಗ ಕರುಳು ಚುರುಕ್ಕೆನ್ನುತ್ತದೆ. ಸೊಸೆ ಬೇಡವೆಂದರೆ ಹಾನಗಲ್ಲು, ಹಿರೇಕೆರೂರಿನಿಂದ ನೋಡಲು ಬಂದ ನೆಂಟರು ಅವಳನ್ನೇ ಕಲ್ಲೆದೆಯವಳು ಎನ್ನುತ್ತಾರೆ.

ಆ ಕಲ್ಲೆದೆಯವಳು ಮಾಡುವುದನ್ನು ಕೇಳಿ. ವೈದ್ಯರು ಹೇಳಿದಷ್ಟು ನೀರನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಡುತ್ತಾಳೆ. ಚಹಾ, ಗಂಜಿ, ಸಾರು ಕೊಟ್ಟಾಗಲೆಲ್ಲ ಅಷ್ಟನ್ನು ಅದರಿಂದ ಕಳೆಯುತ್ತಾಳೆ. ಉಳಿದದ್ದರಲ್ಲಿ ಸ್ವಲ್ಪವನ್ನು ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಒಂದೊಂದೇ ತುಂಡು ಬಾಯಿಗಿಡುತ್ತಾಳೆ. ಗುಟುಕು ಕ್ಷಣದಲ್ಲಿ ಮುಗಿಯುತ್ತದೆ, ತುಂಡು ನಿಧಾನವಾಗಿ ಕರಗುತ್ತದೆ. ತಣ್ಣೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದರಂತೂ ಲೆಕ್ಕವೇ ಇಲ್ಲ. ಐದು ಹೊತ್ತಿನ ವುಝೂ ನಮಗೆ ಅದನ್ನೇ ರೂಢಿ ಮಾಡಿಸಿಲ್ಲವೇ? ಪ್ರವಾದಿ(ಸ)ಯವರಿಗೆ ಪ್ರಿಯವಾಗಿದ್ದ ಮಿಸ್ವಾಕ್ ಜಗಿದರೂ ಜೊಲ್ಲು ಊರುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಆಗಬಹುದು, ನಿಂಬೆ ಹೋಳನ್ನು ನಾಲಿಗೆಗೆ ತಾಗಿಸಲೂಬಹುದು.

ದಾಹದ ಬೇರು ಉಪ್ಪಿನಲ್ಲಿದೆ. ಉಪ್ಪಿನಕಾಯಿ, ಹಪ್ಪಳ, ಶಿಗ್ಗಾವಿಯ ಮದುವೆಯ ಬಿರಿಯಾನಿ, ನಮ್ಮ ಹೆಸರಾಂತ ಸವಣೂರು ಖಾರ (ಬರೆಯುವಾಗಲೇ ಬಾಯಲ್ಲಿ ನೀರೂರಿತು!) ಇವನ್ನೆಲ್ಲ ತಿನ್ನಿಸಿ ಆಮೇಲೆ ನೀರು ಕೊಡೆನೆಂದರೆ ಅದು ಹಿಂಸೆಯೇ. ಹಾಗೆಂದು ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪು ತರಬೇಡಿ. ಸಾಮಾನ್ಯವಾಗಿ ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಇವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪೀತು. ರೋಗಿಯನ್ನು ನೋಡಲು ಹೋಗುವಾಗ ಪ್ರೀತಿಯಿಂದ ಒಯ್ಯುವ ಎಳನೀರಿನ ಅಪಾಯವೂ ಇದೇ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೂ ಬಾಯಿ ಒಣಗುತ್ತದೆ, ಅದನ್ನೂ ಪರೀಕ್ಷಿಸಿಸಿ.

ರಮಝಾನಿನಲ್ಲಿ ಉಪವಾಸ ತಪ್ಪಿತೆಂದು ಖಾಲಾ ಅಳುತ್ತಾರೆ. ರೋಗಿಗಳಿಗೆ ಕುರ್‌ಆನ್ ರಿಯಾಯಿತಿ ನೀಡಿದೆ. ಗುಣವಾಗುವ ನಿರೀಕ್ಷೆಯಿಲ್ಲದವರು ಪ್ರತಿ ಉಪವಾಸಕ್ಕೆ ಒಬ್ಬ ಬಡವನಿಗೆ ಉಣಿಸುವ ಫಿದ್ಯಾ ಇದೆ.

ದಿನವೂ ಬೆಳಿಗ್ಗೆ ತೂಕ ನೋಡಿ. ತೂಕ ದಿಢೀರನೆ ಏರಿದರೆ ವೈದ್ಯರಿಗೆ ತಿಳಿಸಿ. ಮಲಗಿದಾಗ ಉಸಿರು ಸಿಕ್ಕಿಕೊಂಡರೆ ಮುಂದಿನ ಸರದಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.