ಅವಳಿ ಮಕ್ಕಳೂ ತವರಿನ ಬಳುವಳಿಯೂ

ಯಮನು ಜವನಾದಂತೆ ಯಮಳವು ಜವಳವಾಯಿತೆಂದು ತದ್ಭವಪ್ರಕರಣವನ್ನು ಪಾಠ ಹೇಳುವಾಗ, ಅವಳಿ ಮಕ್ಕಳು ಕೆಲವರ ಮನೆಗಳಲ್ಲಿಯೇ ಹುಟ್ಟುವುದೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ವ್ಯಾಕರಣದಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ ನಮ್ಮ ಮನೆತನಕ್ಕೆ ಈ ಪ್ರಶ್ನೆ ಹೊಸದಲ್ಲ. ನನ್ನ ತಾಯಿಯ ತಾಯಿ ಅವಳಿಗಳನ್ನು ಹೆತ್ತವರು. ಉಳಿದುದು ಒಂದೇ ಕೂಸು. ನನ್ನ ತಂಗಿ ಹೆತ್ತುದು ಎರಡು ಹೆಣ್ಣು. ಜೋಡಿ ಬಾಳೆಹಣ್ಣು ತಿಂದುದರ ಫಲವೆಂದು ನೆರೆಹೊರೆಯವರು ನಕ್ಕರು. ಅವಳ ಅತ್ತೆ ನಗಲಿಲ್ಲ. "ಇದು ನಿನ್ನ ತವರಿನ ಬಳುವಳಿ" ಎಂದರು.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಫಲಿತವಾದ ಒಂದೇ ಅಂಡವು ಒಡೆದು ಇಬ್ಬರಾಗುವ ತದ್ರೂಪಿ ಅವಳಿಗಳು ಯಾರ ಮನೆಯಲ್ಲಾದರೂ ಹುಟ್ಟಬಹುದು. ಸಾವಿರ ಹೆರಿಗೆಗಳಲ್ಲಿ ಸುಮಾರು ಮೂರು ನಾಲ್ಕು. ಅದು ಸಾಮಾನ್ಯವಾಗಿ ವಂಶಾನುಗತವಲ್ಲ. ಒಂದೇ ತಿಂಗಳಲ್ಲಿ ಎರಡು ಅಂಡಗಳು ಬಿಡುಗಡೆಯಾಗಿ ಎರಡೂ ಫಲಿಸಿದರೆ ಹುಟ್ಟುವವರು ಬೇರೆ ಬಗೆಯ ಅವಳಿಗಳು. ವಂಶದಲ್ಲಿ ಹರಿದು ಬರುವುದು ಈ ಗುಣವೇ. ತಾಯಿಗೋ ಒಡಹುಟ್ಟಿದವಳಿಗೋ ಇಂತಹ ಅವಳಿಗಳು ಹುಟ್ಟಿದ್ದರೆ ಹೆಣ್ಣಿಗೆ ಆ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನಿಗೂ, ಅದಕ್ಕೆ ಅಂಡಾಶಯವು ಓಗೊಡುವ ರೀತಿಗೂ ಸಂಬಂಧಪಟ್ಟ ಎರಡು ವಂಶವಾಹಿಗಳನ್ನು ವಿಜ್ಞಾನಿಗಳು ೨೦೧೬ರಲ್ಲಿ ಗುರುತಿಸಿದರು. ತಾಯಿಯ ವಯಸ್ಸು, ಹಿಂದಿನ ಹೆರಿಗೆಗಳ ಸಂಖ್ಯೆ ಇವೂ ಲೆಕ್ಕಕ್ಕೆ ಬರುತ್ತವೆ.

ತಂಗಿಯ ಮಕ್ಕಳಲ್ಲಿ ಒಬ್ಬಳದು ಗುಂಗುರು ಕೂದಲು, ಇನ್ನೊಬ್ಬಳದು ನೇರ, ಮುಖದಲ್ಲಿಯೂ ಹೋಲಿಕೆಯಿಲ್ಲ. ಎರಡಾದುದಕ್ಕೆ ತವರನ್ನು ಹೊಣೆ ಮಾಡುವುದಾದರೆ ಮಾಡಲಿ. ಹೆಣ್ಣಾದುದಕ್ಕೆ ಮಾಡುವಂತಿಲ್ಲ, ಅದನ್ನು ನಿರ್ಣಯಿಸುವುದು ತಂದೆಯ ವೀರ್ಯಾಣು. ಅತ್ತೆಯವರಿಗೆ ನೋವಾಗಿದ್ದುದು ಎರಡನೆಯದೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪುರಾಣಕರ್ತರೂ ತಂದೆಯ ಕಡೆಗೇ ಒಲಿದಂತೆ ಕಾಣುತ್ತದೆ. ಮಾದ್ರಿ ನೆನೆದುದು ಅಶ್ವಿನೀದೇವತೆಗಳನ್ನು. ಅವರೇ ಅವಳಿಗಳಾದುದರಿಂದ ನಕುಲ ಸಹದೇವರೂ ಅವಳಿಗಳಾದರು. ಕಥೆಗೆ ಇದು ಸೊಗಸು. ಶರೀರಶಾಸ್ತ್ರವನ್ನು ಕೇಳಿದರೆ ಆ ಮಹಿಮೆ ಮಾದ್ರಿಯದೇ. ಸುಮಿತ್ರೆಗೆ ಲಕ್ಷ್ಮಣ ಶತ್ರುಘ್ನರು, ಸೀತೆಗೆ ಲವಕುಶರು. ಇದನ್ನು ರಘುವಂಶದ ಗುಣವೆನ್ನೋಣವೆಂದರೆ ಸುಮಿತ್ರೆಗೂ ಸೀತೆಗೂ ರಕ್ತಸಂಬಂಧವಿಲ್ಲ. ಸೀತೆಯ ತವರನ್ನು ವಿಚಾರಿಸೋಣವೆಂದರೆ ಆಕೆ ಭೂಮಿಜಾತೆ!

ಹಾಗಾದರೆ ಗಂಡಸಿಗೆ ಇದರಲ್ಲಿ ಪಾಲಿಲ್ಲವೆ? ಉಂಟು, ಒಂದು ತಲೆಮಾರು ತಡವಾಗಿ. ನನ್ನ ಹೆಂಡತಿಯ ಮೂರೂ ಹೆರಿಗೆಗಳು ಒಂಟಿ ಕೂಸಿನವು. ನನ್ನಲ್ಲಿರಬಹುದಾದ ಗುಣ ಆಕೆಯ ಅಂಡಾಶಯಕ್ಕೆ ಸಲ್ಲದು. ಆದರೆ ನನ್ನ ಮೂಲಕ ಅದು ಮಗಳಿಗೆ ಇಳಿದಿರಬಹುದು. ಹಿರಿಯ ಮಗಳು ಈಗ ಬಸುರಿ. ತಂದೆಯ ಕಡೆಯ ಸಂಗತಿ ಇವಳಿಗೇಕೆಂದು ಅಳಿಯಂದಿರು ಕೇಳಿದಾಗ ಈ ದಾರಿಯನ್ನು ವಿವರಿಸಿದೆ. ಅವಳಿ ಬಸಿರಿನಲ್ಲಿ ದಿನ ತುಂಬದ ಹೆರಿಗೆ, ಕೂಸಿನ ಕಡಿಮೆ ತೂಕ, ತಾಯಿಗೆ ರಕ್ತದೊತ್ತಡ ಇವುಗಳ ಭಯ ಹೆಚ್ಚು. ಮೊದಲೇ ತಿಳಿದರೆ ವೈದ್ಯರು ಎಚ್ಚರ ವಹಿಸುತ್ತಾರೆ. ನನ್ನ ಅಜ್ಜಿಗೆ ಒಡಲಲ್ಲಿ ಇಬ್ಬರಿರುವುದು ತಿಳಿದುದು ಹೆರಿಗೆಯ ರಾತ್ರಿಯೇ. ಮಗಳ ಸ್ಕ್ಯಾನಿಂಗ್ ಬರುವ ಸೋಮವಾರ. ಅಜ್ಜಿಯ, ಅತ್ತೆಯ ಹೆರಿಗೆಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಕೊಟ್ಟಿದ್ದೇನೆ.