ಬಿಚ್ಚಿದ ಪಿಸ್ತೂಲು

ಕಳೆದ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ನಮ್ಮ ಬೀದಿಯ ಅಜ್ಜ ಬಟ್ಟೆಚೀಲವೊಂದನ್ನು ಎದೆಗವಚಿಕೊಂಡು ನಮ್ಮ ಗರಾಜಿನ ಬಾಗಿಲಲ್ಲಿ ನಿಂತಿದ್ದರು. ಅಜ್ಜ ಎನ್ನುವುದು ನನ್ನ ಮನಸ್ಸಿನೊಳಗಿನ ಹೆಸರು. ಓಹಾಯೋದ ಈ ಸಣ್ಣ ಊರಿನಲ್ಲಿ ಎಂಬತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯಬೇಕು. ಹದಿನಾಲ್ಕು ವರ್ಷಗಳಾದರೂ ನನಗೆ ಆ ಅಭ್ಯಾಸ ಪೂರ್ತಿ ಆಗಿಲ್ಲ. ಹೆಸರು ಹೇಳುವ ಮುಂಚೆ ಒಮ್ಮೆ ಉಗುಳು ನುಂಗುತ್ತೇನೆ.

ಚೀಲದಲ್ಲಿದ್ದದ್ದು ಅವರ ರೂಗರ್ ಮಾರ್ಕ್ ಟೂ. ಪಾಯಿಂಟ್ ಟೂಟೂ ಗುಂಡಿನ ಗುರಿ ಪಿಸ್ತೂಲು, ಐದೂವರೆ ಇಂಚಿನ ದಪ್ಪ ನಳಿಗೆ. ನನಗೆ ಗುರಿ ಹೊಡೆಯಲು ಕಲಿಸಿದ್ದು ಈ ಪಿಸ್ತೂಲಿನಲ್ಲೇ. ಇಲ್ಲಿನ ಚಳಿಗಾಲದಲ್ಲಿ ಮಾಡಲು ಬೇರೆ ಕೆಲಸವಿಲ್ಲದವರು ವಾರಕ್ಕೊಮ್ಮೆ ಒಳಾಂಗಣ ರೇಂಜಿನಲ್ಲಿ ಸೇರಿ 'ಬುಲ್ಸ್‌ಐ' ಆಡುತ್ತಾರೆ. ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು, ಇನ್ನೊಂದು ಕೈ ಜೇಬಿನಲ್ಲಿ. ನಿಧಾನದ ಸುತ್ತಿನಲ್ಲಿ ಹತ್ತು ಗುಂಡು. ಆಮೇಲೆ 20 ಸೆಕೆಂಡಿನಲ್ಲಿ ಐದು, ಕೊನೆಗೆ 10 ಸೆಕೆಂಡಿನಲ್ಲಿ ಐದು. ಅಜ್ಜ ಪ್ರಾಯದಲ್ಲಿ ಈರೀ ಸರೋವರದ ದಂಡೆಯ ಕ್ಯಾಂಪ್ ಪೆರ್ರಿಗೆ ಹೋಗಿ ಸ್ಪರ್ಧಿಸಿದವರು. 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆದು ಬಂದ ಜಾಗ ಅದು. ಗೆದ್ದರೇ ಎಂದು ಒಮ್ಮೆ ಕೇಳಿದ್ದೆ. "ಗಾಳಿ ಜೋರಿತ್ತು" ಎಂದಿದ್ದರು.

"ಪ್ರತಿ ಚಳಿಗಾಲಕ್ಕೆ ಮುಂಚೆ ನಾನೇ ಬಿಚ್ಚಿ ಒರೆಸುತ್ತಿದ್ದೆ. ಈ ಸಲ ಕೈ ಕೇಳ್ತಾ ಇಲ್ಲ" ಎಂದು ಬಲಗೈ ಚಾಚಿ ತೋರಿಸಿದರು. ಗಾಳಿಗೆ ಸಿಕ್ಕಿದ ವೀಳ್ಯದೆಲೆಯ ಹಾಗೆ ನಡುಗುತ್ತಿತ್ತು. ಜೂನ್‌ನಲ್ಲಿ ಹೆಂಡತಿ ತೀರಿಕೊಂಡ ಮೇಲೆ ಹೆಚ್ಚಾಗಿದೆ ಎಂದು ಹೇಳಲಿಲ್ಲ. ಅದು ನನಗೆ ಕಾಣುತ್ತಿತ್ತು.

ಬಂದೂಕಿನ ಜನರ ನಡುವೆ ಈ ಪಿಸ್ತೂಲಿಗೆ ಒಂದು ಕುಖ್ಯಾತಿಯಿದೆ. ಬಿಚ್ಚಬಹುದು, ಕೂಡಿಸಲಾಗದು. ಕೂಡಿಸುವ ಭಯಕ್ಕೆ ವರ್ಷಗಟ್ಟಲೆ ಬಿಚ್ಚದೆ, ಹಿಂದಿನಿಂದ ಮುಂದಿನಿಂದ ಕಡ್ಡಿ ಹಾಕಿ ಒರೆಸಿಯೇ ಕಾಲ ಕಳೆದವರಿದ್ದಾರೆ. ಎರಡನೇ ಮಹಾಯುದ್ಧ ಮುಗಿದಾಗ ವಿಲಿಯಂ ರೂಗರ್ ಎಂಬಾತ ಮರಳಿ ಬಂದ ಸೈನಿಕನೊಬ್ಬನಿಂದ ಜಪಾನೀ ನಾಂಬು ಪಿಸ್ತೂಲೊಂದನ್ನು ಪಡೆದು, ತನ್ನ ಗರಾಜಿನಲ್ಲಿ ಅದರ ಎರಡು ನಕಲು ಮಾಡಿ ನೋಡಿದ. ಆ ಕಲಿಕೆಯಿಂದ ಹುಟ್ಟಿದ್ದು 1949ರ ಮೊದಲ ರೂಗರ್ ಪಿಸ್ತೂಲು, ಬೆಲೆ ಮೂವತ್ತೇಳೂವರೆ ಡಾಲರ್. ಕಂಪನಿಯ ಪಾಲುದಾರ ಅಲೆಕ್ಸಾಂಡರ್ ಸ್ಟರ್ಮ್ 1951ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡಾಗ ಹಿಡಿಯ ಮೇಲಿನ ಕೆಂಪು ಹದ್ದಿನ ಬಿಲ್ಲೆಯನ್ನು ಕಪ್ಪು ಮಾಡಿದರು. ಅಜ್ಜನ ಪಿಸ್ತೂಲಿನ ಹದ್ದೂ ಕಪ್ಪೇ. ಯಾರದೋ ಸಾವಿನ ಸೂತಕ ಹೊತ್ತ ಹಕ್ಕಿ. ಇದನ್ನು ಹೇಳಿದ್ದೂ ಅಜ್ಜನೇ.

ನಾವಿಬ್ಬರೂ ಗರಾಜಿನ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕೂತೆವು. ಅವರು ಹೇಳಿದರು, ನಾನು ಮಾಡಿದೆ. ಮ್ಯಾಗಜೀನ್ ಹೊರಕ್ಕೆ. ಬೋಲ್ಟನ್ನು ಹಿಂದಕ್ಕೆಳೆದು ಗುಂಡಿನ ಮನೆ ಖಾಲಿಯೇ ಎಂದು ಮೊದಲು ಕಣ್ಣಿನಲ್ಲಿ, ಆಮೇಲೆ ಕಿರುಬೆರಳಿನಲ್ಲಿ ನೋಡಿದೆ. ಬೋಲ್ಟ್ ಮುಚ್ಚಿ, ಟ್ರಿಗರ್ ಒತ್ತಿ ಹ್ಯಾಮರನ್ನು ಇಳಿಸಿದೆ. ನಮ್ಮೂರ ಕೋವಿಯಲ್ಲಾದರೆ ಅದನ್ನು ಕುದುರೆ ಎನ್ನುತ್ತಿದ್ದೆವು. ಹಿಡಿಯ ಹಿಂಬದಿಯಲ್ಲಿ ಒಂದು ಪುಟ್ಟ ಚಿಲಕವಿದೆ. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಸ್ಪ್ರಿಂಗಿನ ಗೂಡು ಬಾಗಿಲಿನ ಹಾಗೆ ಹೊರಗೆ ತೆರೆಯುತ್ತದೆ. ಅದನ್ನು ಕೆಳಕ್ಕೆಳೆದರೆ ಅದಕ್ಕೆ ಅಂಟಿಕೊಂಡ ಉದ್ದನೆಯ ಪಿನ್ನು ಪಿಸ್ತೂಲಿನ ನೆತ್ತಿಯಿಂದ ಕಳಚಿಕೊಳ್ಳುತ್ತದೆ. ಬೋಲ್ಟ್ ಹಿಂದಿನಿಂದ ಜಾರಿ ಅಂಗೈಗೆ ಬೀಳುತ್ತದೆ. ಇನ್ನು ನಳಿಗೆ. ಅದು ಬಿಗಿ. ಮರದ ಸುತ್ತಿಗೆಯಿಂದ ಮುಂದಕ್ಕೆ ಮೆಲ್ಲಗೆ ತಟ್ಟಬೇಕು. ಮೂರನೆಯ ಪೆಟ್ಟಿಗೆ ಕಳಚಿತು. ಎಲ್ಲ ಸೇರಿ ನಾಲ್ಕು ನಿಮಿಷ.

ಒಳಗೆ ಮಸಿಯೂ ಮೇಣವೂ ಸೀಸದ ಪುಡಿಯೂ ಸೇರಿದ ಕಪ್ಪು ಜಿಡ್ಡು. ಪಾಯಿಂಟ್ ಟೂಟೂ ಗುಂಡಿನ ಸೀಸಕ್ಕೆ ಮೇಣ ಸವರಿರುತ್ತಾರೆ, ಎಲ್ಲ ಮೂಲೆಗೂ ಅದೇ ಮೆತ್ತಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಹತ್ತಿ ಬಟ್ಟೆಯ ಚೂರು, ಹಾಪೀಸ್ ನಂಬರ್ 9 ದ್ರಾವಣ. ಅದರ ಮುಚ್ಚಳ ತೆಗೆದರೆ ಕಳಿತ ಬಾಳೆಹಣ್ಣಿನ ಜೊತೆಗೆ ಸೀಮೆಎಣ್ಣೆ ಇಟ್ಟ ಹಾಗೆ ಒಂದು ಪರಿಮಳ. ಅಜ್ಜ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಮಧ್ಯಾಹ್ನ ಊಟಕ್ಕೆ ಕರೆದೆ, ಒಲ್ಲೆನೆಂದು ಹೊರಟರು. "ಕೂಡಿಸಿ ತಂದುಕೊಡು, ಅವಸರವಿಲ್ಲ" ಎಂದರು. ಬಾಗಿಲ ಹತ್ತಿರ ನಿಂತು ಒಂದು ನಗೆ ನಕ್ಕರು. ಅದು ಯಾಕೆಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಹ್ಯಾಮರಿನ ಹಿಂದೆ ಒಂದು ಸಣ್ಣ ಕಡ್ಡಿ ನೇತಾಡುತ್ತಿರುತ್ತದೆ. ಅದಕ್ಕೆ ಸ್ಟ್ರಟ್ ಎನ್ನುತ್ತಾರೆ. ಸ್ಪ್ರಿಂಗಿನ ಗೂಡನ್ನು ಮುಚ್ಚುವಾಗ ಈ ಕಡ್ಡಿಯ ತುದಿ ಸ್ಪ್ರಿಂಗಿನ ತಲೆಯ ಮೇಲಿನ ಪುಟ್ಟ ಗುಳಿಯಲ್ಲಿ ಕೂರಬೇಕು. ಕಡ್ಡಿಯನ್ನು ಬೆರಳಿನಲ್ಲಿ ಮುಟ್ಟಿ ಕೂರಿಸಲಾಗದು, ಕಣ್ಣಿಗೂ ಸರಿಯಾಗಿ ಕಾಣದು. ಪಿಸ್ತೂಲನ್ನು ವಾಲಿಸಿ ವಾಲಿಸಿ, ಭಾರಕ್ಕೆ ಅದು ತಾನಾಗಿ ತೂಗಿ ಬರುವಂತೆ ಮಾಡಬೇಕು. ನಳಿಗೆ ಕೂರಿಸಿದೆ, ಬೋಲ್ಟ್ ತಳ್ಳಿದೆ. ಹ್ಯಾಮರ್ ಅಡ್ಡ ಬಂತು. ಹ್ಯಾಮರ್ ಹಿಂದಕ್ಕೆ ಮಾಡಿ ಬೋಲ್ಟ್ ಸೇರಿಸಿದೆ. ಟ್ರಿಗರ್ ಒತ್ತಿ ಹ್ಯಾಮರ್ ಮುಂದಕ್ಕೆ ಬೀಳಿಸಿದೆ. ಪಿನ್ನು ತೂರಿಸಿದೆ, ನೆತ್ತಿಯಲ್ಲಿ ಮೂತಿ ಕಂಡಿತು. ಗೂಡು ಮುಚ್ಚಿದೆ, ಚಿಲಕ ಬಿತ್ತು. ಭಲೇ ಎಂದುಕೊಂಡು ಬೋಲ್ಟ್ ಎಳೆದರೆ ಅರ್ಧ ಇಂಚು ಬಂದು ನಿಂತುಬಿಟ್ಟಿತು. ಕಡ್ಡಿ ಗುಳಿಯಲ್ಲಿ ಕೂತಿಲ್ಲ, ಚೌಕಟ್ಟಿನ ಅಡ್ಡಪಿನ್ನಿಗೆ ಸಿಕ್ಕಿಕೊಂಡಿದೆ. ಮತ್ತೆ ಬಿಚ್ಚು.

ರಾತ್ರಿ ಊಟದ ಹೊತ್ತಿಗೆ ಎಷ್ಟು ಸಲವಾಯಿತೋ ಲೆಕ್ಕ ಬಿಟ್ಟಿದ್ದೆ. ಸಾಫ್ಟ್‌ವೇರಿನವನಿಗೆ ಇದೊಂದು ಅವಮಾನ, 'ಅನ್‌ಡೂ' ಇಲ್ಲ. ಹೆಂಡತಿ ಬಂದು ನೋಡಿ, "ಕುಕ್ಕರಿನ ಗ್ಯಾಸ್ಕೆಟ್ ಹಾಕೋದಕ್ಕೇ ಯೂಟ್ಯೂಬ್ ನೋಡುವವರು" ಎಂದು ಹೇಳಿ ಹೋದಳು.

ಭಾನುವಾರ ಬೆಳಿಗ್ಗೆ ಅಜ್ಜನ ಮಗಳ ಫೋನು. ಇರುವುದು ದೂರದ ಬೇರೆ ರಾಜ್ಯದಲ್ಲಿ. ತಾಯಿಯ ಅಂತ್ಯಕ್ರಿಯೆಯ ದಿನ ನನ್ನ ನಂಬರು ತೆಗೆದುಕೊಂಡಿದ್ದಳು. ಉಳಿದ ಬಂದೂಕುಗಳನ್ನೆಲ್ಲ ಬೇಸಿಗೆಯಲ್ಲೇ ತಮ್ಮನ ಮನೆಗೆ ಸಾಗಿಸಿದ್ದಾಳೆ. ಇದೊಂದನ್ನು ಮಾತ್ರ ಅಪ್ಪ ಬಿಟ್ಟುಕೊಟ್ಟಿರಲಿಲ್ಲ. "ಡ್ಯಾಡ್ ಇತ್ತೀಚೆಗೆ ಫೋನಿನಲ್ಲಿ ಏನೇನೋ ಹೇಳ್ತಾರೆ. ಪಿಸ್ತೂಲು ನಿಮ್ಮ ಹತ್ತಿರ ಇದೆ ಅಂದರು. ಸ್ವಲ್ಪ ದಿನ ಅಲ್ಲೇ ಇರಬಹುದಾ?" ಇಷ್ಟು ಹೇಳಿ ಸುಮ್ಮನಾದಳು. ಏನೇನೋ ಎಂದರೆ ಏನು ಎಂದು ನಾನು ಕೇಳಲಿಲ್ಲ. ಈ ದೇಶದಲ್ಲಿ ವರ್ಷ ವರ್ಷ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅದನ್ನು ತಮ್ಮ ಮೇಲೇ ತಿರುಗಿಸಿಕೊಂಡವರು. ಕ್ಲಬ್ಬಿನಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಯಾರಾದರೂ ಹೆಂಡತಿಯನ್ನು ಕಳೆದುಕೊಂಡರೆ, ಕೆಲಸ ಕಳೆದುಕೊಂಡರೆ, ಅವರ ಬಂದೂಕು ಸದ್ದಿಲ್ಲದೆ ಇನ್ನೊಬ್ಬರ ಮನೆಯ ಬೀರು ಸೇರುವುದನ್ನು ನೋಡಿದ್ದೇನೆ.

ಫೋನ್ ಇಟ್ಟ ಮೇಲೆ ನನಗೆ ನೆನಪಾದದ್ದು ಕೇಪಿನ ಡಬ್ಬಿ.

ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪಯ್ಯನ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸು. ಕಾಡುಹಂದಿಗೆ, ಮಂಗಗಳಿಗೆ. ಹೊಡೆದದ್ದಕ್ಕಿಂತ ಬೆದರಿಸಿದ್ದೇ ಹೆಚ್ಚು. ಚುನಾವಣೆ ಬಂತೆಂದರೆ ಬಸ್ಸಿನಲ್ಲಿ ಗೋಣಿ ಸುತ್ತಿಕೊಂಡು ಹೋಗಿ ಠಾಣೆಯಲ್ಲಿಟ್ಟು ರಸೀದಿ ತರುವುದು, ಫಲಿತಾಂಶ ಬಂದ ಮೇಲೆ ವಾಪಸು ತರುವುದು. ಅದನ್ನು ಒರೆಸುವುದು ಬಹಳ ಸರಳ. ಮೊದಲು ಗಜವನ್ನು ನಳಿಗೆಯೊಳಗೆ ಬಿಡಬೇಕು. ಠಣ್ಣೆಂದರೆ ಖಾಲಿ. ಮಂದ ಸದ್ದು ಬಂದರೆ ಒಳಗೆ ಮದ್ದಿದೆ, ದೂರ ಇಡು. ಖಾಲಿಯಾದರೆ ಬಚ್ಚಲ ಹಂಡೆಯ ಕುದಿನೀರು ಹೊಯ್ಯುವುದು, ಕಪ್ಪು ನೀರು ಬಿಳಿಯಾಗುವ ತನಕ. ಮಸಿ ಒಳಗೆ ಉಳಿದರೆ ಮಳೆಗಾಲದ ತೇವ ಎಳೆದುಕೊಂಡು ನಳಿಗೆ ತಿಂದುಹಾಕುತ್ತದೆ. ಆಮೇಲೆ ಗಜಕ್ಕೆ ಬಟ್ಟೆ ಸುತ್ತಿ ಕೊಬ್ಬರಿ ಎಣ್ಣೆ. ಆಯುಧ ಪೂಜೆಯ ದಿನ ಕುಂಕುಮ, ಸೇವಂತಿಗೆ. ಬಿಚ್ಚುವ, ಕೂಡಿಸುವ ತಾಪತ್ರಯವೇ ಇಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಬಿಡಲೇ ಇಲ್ಲ. ಬೋರ್ಡೋ ಹೊಡೆಯಲು ಒಂದು ದಿನದ ಬಿಸಿಲು ಸಿಗಲಿಲ್ಲ. ಹೊಡೆದದ್ದೂ ಸಂಜೆಗೆ ತೊಳೆದುಹೋಗುತ್ತಿತ್ತು. ಕೊಳೆರೋಗ ಹತ್ತಿ ಅಡಿಕೆಯ ಎಳೆಗಾಯಿ ದಿನವೂ ಬುಡದಲ್ಲಿ ಉದುರಿ ಬಿದ್ದಿರುತ್ತಿತ್ತು. ಸೊಸೈಟಿ ಸಾಲ, ಅದರ ಮೇಲೆ ಅಕ್ಕನ ಮದುವೆಯ ಕೈಸಾಲ. ಅಪ್ಪಯ್ಯ ಮಾತು ಬಿಟ್ಟರು. ರಾತ್ರಿ ಜಗಲಿಯಲ್ಲಿ ಕೂತು ಮಳೆಯನ್ನೇ ನೋಡುತ್ತಿದ್ದರು. ಒಂದು ದಿನ ಮಧ್ಯಾಹ್ನ ಅಮ್ಮ ಗೂಡಿನಲ್ಲಿದ್ದ ಕೇಪಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅಕ್ಕಿ ಡಬ್ಬದ ತಳಕ್ಕೆ ಹುಗಿದದ್ದನ್ನು ನಾನು ನೋಡಿದೆ. ಅಮ್ಮನೂ ನನ್ನನ್ನು ನೋಡಿದಳು. ಬಾಯಿಗೆ ಬೆರಳಿಡಲಿಲ್ಲ, ಏನೂ ಹೇಳಲಿಲ್ಲ. ಕೋವಿ ಗೋಡೆಯಲ್ಲಿ ಇದ್ದ ಹಾಗೇ ತೂಗುತ್ತಿತ್ತು.

ನಾಲ್ಕೈದು ದಿನ ಬಿಟ್ಟು ಅಪ್ಪಯ್ಯ ಕೇಳಿದರು: "ಕೇಪಿನ ಡಬ್ಬಿ ಎಲ್ಲೇ?"

"ಇಲಿ ಎಳ್ಕೊಂಡು ಹೋಯ್ತೋ ಏನೋ" ಎಂದಳು ಅಮ್ಮ, ಒಲೆಯ ಕಡೆಗೇ ಮುಖ ಮಾಡಿಕೊಂಡು.

ತಗಡಿನ ಡಬ್ಬಿಯನ್ನು ಇಲಿ ಎಳೆದುಕೊಂಡು ಹೋಗುವುದೇ! ಅಪ್ಪಯ್ಯ ಮತ್ತೆ ಕೇಳಲಿಲ್ಲ. ಹಂದಿ ಬಂದ ರಾತ್ರಿಗಳಲ್ಲಿ ಡಬ್ಬ ಬಡಿದು ಓಡಿಸಿದರು. ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ ಒಂದು ದಿನ ಡಬ್ಬಿ ತಾನಾಗಿ ಗೂಡಿನಲ್ಲಿತ್ತು. ಅದರ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಅಪ್ಪಯ್ಯ ಅದನ್ನು ಉಗುರಿನಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು.

ಭಾನುವಾರ ರಾತ್ರಿ ಹನ್ನೊಂದೂವರೆಗೆ ಮಾರ್ಕ್ ಟೂ ಕೂಡಿಕೊಂಡಿತು. ನಳಿಗೆಯನ್ನು ನೆಲಕ್ಕೆ ಮಾಡಿ ಹ್ಯಾಮರ್ ಮುಂದಕ್ಕೆ ಬೀಳಿಸಿ, ಪಿನ್ನು ತೂರಿಸಿ, ಆಮೇಲೆ ಮೆಲ್ಲಗೆ ಮೂತಿ ಮೇಲಕ್ಕೆತ್ತುತ್ತ ಗೂಡನ್ನು ಒಳಗೆ ತಂದೆ. ಕೊನೆಯ ಅರ್ಧ ಇಂಚಿನಲ್ಲಿ ಸ್ಪ್ರಿಂಗ್ ಅಂಗೈಗೆ ಎದುರೊತ್ತಿತು. ಅಲ್ಲಿಯವರೆಗೆ ಆ ಒತ್ತು ಸಿಕ್ಕಿರಲಿಲ್ಲ. ಒತ್ತು ಸಿಕ್ಕಿದರೆ ಕಡ್ಡಿ ಗುಳಿಯಲ್ಲಿ ಕೂತಿದೆಯೆಂದು ಅರ್ಥ. ಬೋಲ್ಟ್ ಎಳೆದೆ, ಕೊನೆಯವರೆಗೂ ಬಂತು. ಒಬ್ಬನೇ ಕೂತು ನಾಲ್ಕು ಸಲ ಎಳೆದು ಬಿಟ್ಟು ಮಾಡಿದೆ, ಸದ್ದು ಅಷ್ಟು ಚೆನ್ನಾಗಿತ್ತು. ಆಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಸೋಮವಾರ ಸಂಜೆ ಅಜ್ಜನಿಗೆ ಫೋನ್ ಮಾಡಿ, "ಕೂಡ್ತಾ ಇಲ್ಲ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. "ಬೋಲ್ಟ್ ಪೂರ್ತಿ ಬರುತ್ತಾ?"

"ಇಲ್ಲ. ಅರ್ಧ ಇಂಚು."

"ಸ್ಟ್ರಟ್ಟು" ಎಂದರು. "ಶನಿವಾರ ಬರ್ತೇನೆ."

ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಸಾಕ್ಷಿ ಬೇಕು. ಶುಕ್ರವಾರ ರಾತ್ರಿ ಮತ್ತೆ ಬಿಚ್ಚಿ ಬೆಡ್‌ಶೀಟಿನ ಮೇಲೆ ಹರಡಿದೆ. ಶನಿವಾರ ಅಜ್ಜ ಬಂದರು, ಶುಂಠಿ ಚಹಾ ಕುಡಿದರು. ನಾನು ಬೇಕೆಂದೇ ಕಡ್ಡಿಯನ್ನು ಅಡ್ಡಪಿನ್ನಿಗೆ ಸಿಕ್ಕಿಸಿದೆ. ತಪ್ಪು ಮಾಡುವುದೂ ಸುಲಭವಲ್ಲ, ಕೈಗೆ ದಾರಿ ಗೊತ್ತಾದ ಮೇಲೆ. ಅವರು ಹೇಳಿದರು, ನಾನು ವಾಲಿಸಿದೆ, ಆಗಲಿಲ್ಲ. ಮಾತು ಹೆಂಡತಿಯ ಕಡೆಗೆ ಹೋಯಿತು. ಆಕೆ ಈ ಪಿಸ್ತೂಲನ್ನು ಕಣ್ಣು ಮುಚ್ಚಿ ಕೂಡಿಸುತ್ತಿದ್ದರಂತೆ. ಕ್ಯಾಂಪ್ ಪೆರ್ರಿಯ ಡೇರೆಯಲ್ಲಿ ಒಮ್ಮೆ ಇವರು ಸೋತು ಕೈಚೆಲ್ಲಿದಾಗ ಆಕೆ ಲಾಟೀನೂ ಇಲ್ಲದೆ ಕೂಡಿಸಿ, "ಮಲಗು ಇನ್ನು" ಎಂದಿದ್ದರಂತೆ. ಅಲ್ಲಿಗೆ ಎರಡು ಗಂಟೆ ಕಳೆದಿತ್ತು. "ಮುಂದಿನ ಶನಿವಾರ ನೋಡೋಣ" ಎಂದು ಎದ್ದರು.

ಹೀಗೇ ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಹಿಮ ಬಿದ್ದ ದಿನ ನಾನೇ ಹೋಗಿ ಕರೆತರುತ್ತಿದ್ದೆ. ನನ್ನ ಹೆಂಡತಿ ಅವರಿಗೆಂದೇ ಖಾರ ಕಡಿಮೆ ಹಾಕಿ ಉಪ್ಪಿಟ್ಟು ಮಾಡುವುದನ್ನು ರೂಢಿಸಿಕೊಂಡಳು. ಕಂಪನಿಯವರು ಈ ರಗಳೆಗೇ ಬೇಸತ್ತು 2016ರಲ್ಲಿ ಮಾರ್ಕ್ ಫೋರ್ ಎಂದು ಹೊಸದು ಮಾಡಿದರು. ಹಿಂದಿನ ಒಂದು ಗುಂಡಿ ಒತ್ತಿದರೆ ಸಾಕು, ಪಿಸ್ತೂಲು ಬಾಗಿ ತೆರೆದುಕೊಳ್ಳುತ್ತದೆ, ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಜ್ಜನಿಗೆ ಅದರ ವಿಡಿಯೋ ತೋರಿಸಿದೆ. "ಮತ್ತೆ ಉಳಿದ ಮಧ್ಯಾಹ್ನ ಏನು ಮಾಡ್ತಾರೆ?" ಎಂದರು.

ಫೆಬ್ರವರಿಯ ಕೊನೆಯ ಶನಿವಾರ, ಅಜ್ಜನ ಜೊತೆ ಮಾತಾಡುತ್ತ ಮೈಮರೆತೆ. ನಳಿಗೆ, ಬೋಲ್ಟ್, ಪಿನ್ನು. ಕೈ ತನ್ನಷ್ಟಕ್ಕೆ ವಾಲಿಸಿ ಗೂಡು ಮುಚ್ಚಿತು, ಚಿಲಕ ಬಿತ್ತು. ಬೆರಳು ಅಭ್ಯಾಸಬಲದಿಂದ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಬಿಟ್ಟಿತು. ಆ ಸದ್ದು ಕೇಳಿ ಇಬ್ಬರೂ ಸುಮ್ಮನಾದೆವು.

ಅಜ್ಜ ಪಿಸ್ತೂಲನ್ನು ನೋಡಲಿಲ್ಲ, ನನ್ನ ಕೈಗಳನ್ನು ನೋಡಿದರು. "ಎಷ್ಟು ಸಲ?" ಎಂದರು.

"ಶುಕ್ರವಾರ ಶುಕ್ರವಾರ" ಎಂದೆ.

ಅವರು ಚಹಾದ ಲೋಟ ಎತ್ತಿಕೊಂಡರು. ಎರಡೂ ಕೈಯಲ್ಲಿ ಹಿಡಿದರೆ ನಡುಕ ಅಷ್ಟು ಕಾಣುತ್ತಿರಲಿಲ್ಲ. ಕುಡಿದು ಮುಗಿಸಿ, ಸ್ಕ್ರೂಡ್ರೈವರನ್ನು ಬೆಡ್‌ಶೀಟಿನ ಮೇಲೆ ನನ್ನ ಕಡೆಗೆ ಸರಿಸಿದರು.

"ಬಿಚ್ಚು. ನಳಿಗೆಯೊಳಗೆ ಇನ್ನೂ ಸ್ವಲ್ಪ ಮಸಿ ಇರಬಹುದು."