ಲೋಳೆಸರದ ಮರಿಗಳು

ಮೊನ್ನೆ ಹಾಕಿದ ಫೋಟೋದಲ್ಲಿ ಬಾಬಾಸಾಹೇಬರ ಪಟದ ಕೆಳಗಿದ್ದ ಲೋಳೆಸರದ ಕುಂಡಗಳು ಹಲವರ ಕಣ್ಣಿಗೆ ಬಿದ್ದಿವೆ. 'ನಮ್ದು ಕೊಳೆತು ಹೋಗುತ್ತೆ, ನಿಮ್ದು ಹೆಂಗೆ ಹಿಂಗೆ ಬಂತು' ಅಂತ ಇನ್‌ಬಾಕ್ಸಲ್ಲಿ ಕೇಳ್ತಾನೇ ಇದೀರಿ. ಎಲ್ಲರಿಗೂ ಒಂದೇ ಸಲ ಬರೆದುಬಿಡ್ತೀನಿ.

ಊರಲ್ಲಿ ನಮಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಕಂಡವರ ಹೊಲದ ಬೇಲಿಯ ಕತ್ತಾಳೆ ಕಡಿದು, ಕೆರೆ ನೀರಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆಯೋದು ನಮ್ಮ ಕೇರಿಯವರ ಕೆಲಸ. ಕತ್ತಾಳೆ ರಸ ತಾಗಿ ಅವ್ವನ ಕೈಯೆಲ್ಲ ತುರಿಕೆ, ಬೊಬ್ಬೆ. ರಾತ್ರಿ ಹಿತ್ತಲಿನ ಒಡಕು ಮಡಕೆಯಲ್ಲಿದ್ದ ಲೋಳೆಸರ ಸೀಳಿ ಹಚ್ಚಿಕೊಂಡು ಮಲಗೋಳು. ನೋಡೋಕೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣ್ತವೆ, ಆದರೆ ಹತ್ತಿರದ ನಂಟಿಲ್ಲ. ಕತ್ತಾಳೆ ಮೆಕ್ಸಿಕೋ ಕಡೆಯಿಂದ ಬಂದದ್ದು, ಲೋಳೆಸರ ಅರೇಬಿಯಾ ಕಡೆಯದು.

ಬೆಂಗಳೂರಿಗೆ ಬಂದು 12 ವರ್ಷ, ಇದು 7ನೇ ಬಾಡಿಗೆ ಮನೆ. 'ವೆಜ್ಜಾ, ನಾನ್‌ವೆಜ್ಜಾ' ಅಂತ ಶುರುವಾಗೋ ವಿಚಾರಣೆ 'ನೀವು ಯಾವ ಪೈಕಿ' ಅನ್ನೋದಕ್ಕೆ ಬಂದು ನಿಲ್ಲುತ್ತೆ, ನಿಮಗೆ ಗೊತ್ತಿರೋದೇ. ಒಬ್ಬ ಓನರ್ ಗೋಡೆ ಮೇಲಿನ ಪಟ ನೋಡಿದ ಮರುವಾರವೇ ಮಗಳು ಬರ್ತಾಳೆ, ಮನೆ ಬಿಡಿ ಅಂದ. 1917ರಲ್ಲಿ ಬರೋಡದಲ್ಲಿ ದೊಡ್ಡ ಕೆಲಸಕ್ಕೆ ಸೇರಿದ ಬಾಬಾಸಾಹೇಬರನ್ನೇ ಪಾರ್ಸಿಗಳ ಛತ್ರದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದ್ರು. ನೂರು ವರ್ಷ ದಾಟಿದ ಮೇಲೆ ದೊಣ್ಣೆ ಹೋಗಿದೆ, ಮಗಳು ಬಂದಿದಾಳೆ.

ನೆಲಕ್ಕೆ ಹಾಕಿದ ಕರಿಬೇವು, ನುಗ್ಗೆ ಎಲ್ಲ ಆಯಾ ಮನೆಯಲ್ಲೇ ಉಳಿದವು. ಜತೆಗೆ ಬಂದದ್ದು ಅವ್ವ ಕೊಟ್ಟ ಲೋಳೆಸರ ಒಂದೇ. ಆಟೋದಲ್ಲಿ ಕುಂಡ ಒಡೆದರೂ ಪೇಪರಲ್ಲಿ ಸುತ್ತಿಟ್ಟರೆ ವಾರ ತಡೆಯುತ್ತೆ.

ಈಗ ಬೆಳೆಸೋ ಮಾತು. ಒಂದು ಎಲೆ ಕಿತ್ತು ಮಣ್ಣಿಗೆ ಚುಚ್ಚಿದರೆ ಗಿಡ ಬರುತ್ತೆ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ನಂಬಬೇಡಿ. ಆ ಎಲೆಯಲ್ಲಿ ಬರೀ ನೀರು, ಬೇರು ಬಿಡೋ ಮುಂಚೆ ಕೊಳೆಯುತ್ತೆ. ತಾಯಿ ಗಿಡದ ಬುಡದಲ್ಲಿ ಏಳೋ ಮರಿಗಳಿಂದಲೇ ವಂಶ ಬೆಳೆಸಬೇಕು. ಮರಿ ಒಂದು ಗೇಣಿನಷ್ಟಾಗಿ, ಅದಕ್ಕೆ ಸ್ವಂತ ಬೇರು ಬಂದ ಮೇಲೆ ಕುಂಡವನ್ನೇ ಬೋರಲು ಹಾಕಿ ಮಣ್ಣು ಬಿಡಿಸಿ, ತಾಯಿಗೆ ಅಂಟಿಕೊಂಡಿರೋ ಜಾಗದಲ್ಲಿ ಚಾಕುವಿನಿಂದ ಕತ್ತರಿಸಿ. ತಕ್ಷಣ ನೆಡೋಕೆ ಹೋಗ್ಬೇಡಿ. ಎರಡು ಮೂರು ದಿನ ನೆರಳಲ್ಲಿ ಇಟ್ಟು ಗಾಯ ಒಣಗಲಿ. ಅರ್ಧ ಕೆಂಪು ಮಣ್ಣು, ಉಳಿದರ್ಧ ದಪ್ಪ ಮರಳು ಇಲ್ಲವೇ ಇಟ್ಟಿಗೆ ಚೂರು, ಒಂದು ಹಿಡಿ ಕೊಟ್ಟಿಗೆ ಗೊಬ್ಬರ, ತಳದಲ್ಲಿ ತೂತು ಇರೋ ಕುಂಡ. ಪೇಂಟ್ ಡಬ್ಬಿಯಾದರೂ ಸರಿ. ನೆಟ್ಟು ಒಂದು ವಾರ ನೀರು ಬೇಡ.

ಆಮೇಲೆ ಬೇಕು. ಇದನ್ನ ಒತ್ತಿ ಹೇಳ್ತೀನಿ. ಲೋಳೆಸರ ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆದು ಉಸಿರಾಡೋ ಗಿಡ. ಬಿಸಿಲಿಗೆ ನೀರು ಆರಿಹೋಗದ ಹಾಗೆ ಕಾಯ್ಕೊಳ್ಳುತ್ತೆ. ಇದನ್ನ ನೋಡಿ ಜನ 'ಅದಕ್ಕೇನೂ ಹಾಕೋದು ಬೇಡ, ಹೆಂಗೋ ಬದುಕುತ್ತೆ' ಅಂತಾರೆ. ಈ ಮಾತು ಕೇಳಿದರೆ ನನಗೆ ರೇಗುತ್ತೆ, ಯಾಕಂದ್ರೆ ನಮ್ಮ ಕೇರಿಗೆ ನಲ್ಲಿ ಕೇಳಿದಾಗ ಊರವರು ಹೇಳ್ತಿದ್ದುದೂ ಇದನ್ನೇ. ತಡೆಯುತ್ತೆ ಅಂದ್ರೆ ಬೇಡ ಅಂತಲ್ಲ ಸ್ವಾಮಿ. ಮಣ್ಣು ಪೂರ್ತಿ ಒಣಗಿದ ಮೇಲೆ ತಳದಿಂದ ಇಳಿಯೋವರೆಗೆ ಹಾಕಿ, ಮತ್ತೆ ಒಣಗೋಕೆ ಬಿಡಿ. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಸೂರಿನ ಕೆಳಗೆ ಎಳೆದಿಡಿ. ಮೈಗೆ ಹಚ್ಚೋರು ಎಲೆ ಕೊಯ್ದು ನಿಲ್ಲಿಸಿ ಹಳದಿ ರಸ ಇಳಿದುಹೋಗೋಕೆ ಬಿಡಿ. ಅದು ಹೊಟ್ಟೆಗೆ ಹೋದರೆ ಭೇದಿ.

ಎದುರು ಮನೆಯ ಅಮ್ಮ ಒಂದು ಅಮಾವಾಸ್ಯೆಗೆ ದೃಷ್ಟಿಗೆ ಕಟ್ಟೋಕೆ ಅಂತ ಮರಿ ಕೇಳಿದ್ರು. ದೃಷ್ಟಿ ಗಿಷ್ಟಿ ನಾನು ನಂಬಲ್ಲ, ಆದರೂ ಕೊಟ್ಟೆ. ನಮ್ಮನೇಲಿ ಒಂದು ಲೋಟ ನೀರು ಕುಡಿಯದವರು ನಮ್ಮವ್ವನ ಗಿಡಾನ ತಮ್ಮ ಬಾಗಿಲ ನೆತ್ತಿಗೆ ತಲೆಕೆಳಗಾಗಿ ಕಟ್ಟಿದ್ರು. ಅದು ಎಲೆಯೊಳಗಿನ ನೀರು ಉಂಡ್ಕೊಂಡು ತಿಂಗಳುಗಟ್ಟಲೆ ಇತ್ತು. ಸಣ್ಣಗಾಗಿ ಕೆಂಪಗೆ ತಿರುಗಿದಾಗ 'ನೋಡಪ್ಪ, ಇದಕ್ಕೇನಾಯ್ತು' ಅಂತ ಕರೆದ್ರು. ಬಿಚ್ಚಿಸಿ, ಅವರ ಬಾಲ್ಕನಿಯಲ್ಲೇ ಕುಂಡಕ್ಕೆ ನೆಟ್ಟುಕೊಟ್ಟೆ. ಕಾಫಿ ಬಂತು, ಪೇಪರ್ ಲೋಟದಲ್ಲಿ. 'ಮನೇಲಿ ಬೇರೆ ಲೋಟ ಇಲ್ವಾ ಅಮ್ಮ' ಅಂದೆ. ಅವರು ಗಿಡದ ಕಡೆ ನೋಡ್ತಾ ನಿಂತ್ರು. ನಾನು ಕೈ ತೊಳ್ಕೊಂಡು ಬಂದೆ. ಗಿಡ ಈಗ ಹಸಿರಾಗಿದೆ. ಲೋಟದ ಉತ್ತರ ಇನ್ನೂ ಬಂದಿಲ್ಲ.

ನನ್ನ ಹತ್ರ ಇನ್ನೂ 14 ಮರಿ ಇದಾವೆ. ಬೇಕಾದವರು ಭಾನುವಾರ ಬೆಳಿಗ್ಗೆ ಬನ್ನಿ, ಡಬ್ಬಿ ನೀವೇ ತನ್ನಿ. ಹಾಸ್ಟೆಲ್ ಹುಡುಗರಿಗೆ ಮೊದಲು. ಕಾಫಿ ಸ್ಟೀಲ್ ಲೋಟದಲ್ಲಿ ಸಿಗುತ್ತೆ.

ಜೈಭೀಮ್.